ತಾಟಿನೊಳಗಿನ ಹೊಲ

ಮಧ್ಯಾಹ್ನ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ಪೇಟೆಯಲ್ಲಿ ಖಾನಾವಳಿ ಹುಡುಕಲು ಫಲಕ ನೋಡಬೇಕಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಹಿಡಿದು ಹೋದರೆ ಸಾಕು. ಒಳಗೆ ಕೂತ ಕೂಡಲೇ ಎದುರಿಗೆ ತಾಟು ಬರುತ್ತದೆ, ಅದರ ಹಿಂದೆಯೇ ಪ್ರಶ್ನೆ: ‘ಬಿಸಿರೊಟ್ಟಿ ಹಾಕ್ಲೋ, ಖಡಕ್ ಹಾಕ್ಲೋ ಅಣ್ಣಾರ?’ ಏನೇನಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಇವತ್ತು ಸಂತೆಗೆ ಏನು ಬಂದಿದೆಯೋ ಅದೇ ಊಟ.

ಖಾನಾವಳಿ ಎಂಬ ಹೆಸರು ಮರಾಠಿಯ ‘ಖಾಣಾವಳ’ದಿಂದ ಬಂದದ್ದು. 1956ರವರೆಗೆ ಈ ಸೀಮೆ ಮುಂಬೈ ಆಡಳಿತದಲ್ಲಿತ್ತು. ಮನೆ ಬಿಟ್ಟು ಬಂದ ವಿದ್ಯಾರ್ಥಿಗಳು, ಗುಮಾಸ್ತರು, ಮಾಸ್ತರರು ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದ ತಾಣಗಳಿವು. ಮನೆಯ ಮುಂಭಾಗವೇ ಊಟದ ಕೋಣೆ, ಹಿತ್ತಿಲ ಒಲೆಯೇ ಅಡುಗೆಮನೆ. ಮನೆಯೂಟವನ್ನು ಪೇಟೆಗೆ ತಂದದ್ದು ಇವುಗಳ ಹೆಚ್ಚುಗಾರಿಕೆ. ಅದರಲ್ಲಿ ಹೆಂಗಸರ ದುಡಿಮೆಯೇ ದೊಡ್ಡದು.

ಒಲೆಯ ಬಳಿ ತುಸು ಹೊತ್ತು ನಿಂತು ನೋಡಿದೆ. ಗೋಧಿಯಲ್ಲಿರುವಂಥ ಅಂಟು ಜೋಳದಲ್ಲಿಲ್ಲ. ಆ ಕೊರತೆ ತುಂಬುವುದು ಕುದಿಯುವ ಎಸರು. ಬಿಸಿನೀರು ಬಿದ್ದಾಗ ಹಿಟ್ಟು ಅರೆಬೆಂದು ಜಿಗಿ ಬಿಡುತ್ತದೆ. ಅಂಗೈಯ ಬುಡದಿಂದ ನಾದಿ, ಉಂಡೆ ಮಾಡಿ, ಎರಡೂ ಕೈಯಿಂದ ಬಡಿಯುತ್ತ ಹೋದಂತೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಅಂಚನ್ನು ಒತ್ತಿದರೆ ಪುಗ್ಗೆಯಂತೆ ಉಬ್ಬುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಸಾಲದೆ ಅಂಚು ಸೀಳುತ್ತದೆ. ಆದ್ದರಿಂದ ಜೋಳವನ್ನು ಬೇಕಾದಷ್ಟೇ ಬೀಸಿಸಬೇಕು. ತಾಜಾತನ ಇಲ್ಲಿ ಜಾಹೀರಾತಿನ ಮಾತಲ್ಲ; ಅದಿಲ್ಲದೆ ರೊಟ್ಟಿಯೇ ಆಗುವುದಿಲ್ಲ.

ಇನ್ನು ತಾಟನ್ನು ನೋಡಿ. ಎರೆಹೊಲದ ಹಿಂಗಾರಿ ಬಿಳಿಜೋಳ ರೊಟ್ಟಿಯಾಗಿದೆ. ಅದೇ ಹೊಲದ ಕಡಲೆ ಹಿಟ್ಟಾಗಿ ಝುಣಕವಾಗಿದೆ. ಮುಖ್ಯ ಬೆಳೆಯ ನಡುವೆ ಬಿತ್ತುವ ಅಕ್ಕಡಿ ಸಾಲಿನ ಅಗಸಿ, ಗುರೆಳ್ಳು ಹಿಂಡಿಯಾಗಿವೆ. ದನ ಒಳಗೆ ನುಗ್ಗದಂತೆ ಹೊಲದ ಅಂಚಿಗೆ ಬಿತ್ತುತ್ತಿದ್ದ ಮುಳ್ಳಿನ ಕುಸುಬಿ ಎಣ್ಣೆಯಾಗುತ್ತಿತ್ತು. ಬದುವಿನ ಪುಂಡಿಪಲ್ಯ, ಹಸಿಯಾಗಿಯೇ ಕಡಿಯುವ ಹಕ್ಕರಕಿ ಸೊಪ್ಪು, ಒಂದು ಉಳ್ಳಾಗಡ್ಡಿ, ಗಟ್ಟಿ ಮೊಸರು. ಹೊಲದಲ್ಲಿ ಒಟ್ಟಿಗೆ ಬೆಳೆದದ್ದು ತಾಟಿನಲ್ಲಿ ಮತ್ತೆ ಒಟ್ಟಿಗೆ ಕೂತಿದೆ.

ಅಕ್ಕಿಆಲೂರಿನ ತಾಟಿಗೆ ಇನ್ನೊಂದು ಸಿರಿಯಿದೆ. ಈ ಊರಿರುವ ಹಾನಗಲ್ಲ ತಾಲ್ಲೂಕು ಮಲೆನಾಡು ಮುಗಿದು ಬಯಲು ಶುರುವಾಗುವ ಅರೆಮಲೆನಾಡು. ಇಲ್ಲಿ ಮಳೆಯನ್ನು ನಂಬಿ ಕೂರಿಗೆಯಿಂದಲೇ ಭತ್ತ ಬಿತ್ತುವ ರೂಢಿಯಿದೆ. ಹೀಗಾಗಿ ರೊಟ್ಟಿಯ ಬೆನ್ನಿಗೆ ಬರುವ ಅನ್ನವೂ ಈ ನೆಲದ್ದೇ. ಕೆಂಪುಖಾರಕ್ಕೆ ಬೇಕಾದ ಬ್ಯಾಡಗಿ ಮೆಣಸಿನಕಾಯಿ ಇದೇ ಹಾವೇರಿ ಜಿಲ್ಲೆಯದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಊಟ ಮುಗಿಸಿ ಹಾಕಿಕೊಳ್ಳುವ ಎಲೆಗೆ ಸವಣೂರು ಹೆಸರುವಾಸಿ.

ಹೊಲಕ್ಕೆ ಹತ್ತಿರದ ಇಂಥ ಊಟದ ಮಾತು ಬೇರೆಡೆಯೂ ಇದೆ. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ 1998ರಲ್ಲಿ ‘ಡ್ಯೂಕ್ ಆಫ್ ಕೇಂಬ್ರಿಡ್ಜ್’ ಎಂಬ ಪಬ್ ಸಾವಯವ ಊಟ, ಪಾನೀಯಗಳ ಸಂಕಲ್ಪ ತೊಟ್ಟು ಬಾಗಿಲು ತೆರೆದಾಗ ಬ್ರಿಟನ್ನಿಗೆ ಅದು ಹೊಸ ಸುದ್ದಿ. ಹತ್ತಿರದ ರೈತ, ಋತುವಿಗೆ ತಕ್ಕ ಅಡುಗೆ ಎಂಬ ಮಾತು ಈಗ ಬೆಂಗಳೂರಿನ ರೆಸ್ಟೋರೆಂಟುಗಳಲ್ಲೂ ಕೇಳುತ್ತದೆ. ಖಾನಾವಳಿ ಈ ದಾರಿಯಲ್ಲಿ ಮೊದಲಿನಿಂದಲೂ ಇದೆ. ಹಿಂಗಾರಿ ಜೋಳ ನೆಲದಲ್ಲಿ ಉಳಿದ ಹಸಿಯಲ್ಲೇ ಬೆಳೆಯುವ ಬೆಳೆ. ಗೊಬ್ಬರ, ಔಷಧಿಗಳನ್ನು ಅದು ಹೆಚ್ಚು ಬೇಡುವುದಿಲ್ಲ.

ಆದರೆ ಹೊಲ ಬದಲಾಗಿದೆ. ಗೋವಿನಜೋಳ, ಹತ್ತಿ, ಅಡಿಕೆ ಬಂದ ಕಡೆ ಅಕ್ಕಡಿ ಸಾಲು ಅಳಿಯಿತು. ರೈತರನ್ನು ದೂರುವಂತಿಲ್ಲ; ಸಾಲ ತೀರಿಸುವ ಬೆಳೆಯನ್ನೇ ಅವರು ಆರಿಸಿಕೊಂಡರು. ಸಾಲು ಅಳಿದಂತೆ ತಾಟಿನಿಂದಲೂ ಒಂದೊಂದು ರುಚಿ ಎದ್ದುಹೋಗುತ್ತದೆ. ಕುಸುಬಿ ಎಣ್ಣೆಯ ಜಾಗಕ್ಕೆ ಪಾಮ್ ಎಣ್ಣೆ ಬಂದದ್ದು ಹೀಗೆಯೇ.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ಆದರೂ ಪ್ರಮಾಣಪತ್ರ ಬಯಸುವ ರೈತ ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 2 ವರ್ಷ ಪರಿವರ್ತನೆಯ ಕಾಲ ಕಾಯಬೇಕು. ಇಳುವರಿ ಇಳಿಯಬಹುದಾದ, ಸಾವಯವದ ಬೆಲೆಯೂ ಸಿಗದ ಕಷ್ಟದ ದಿನಗಳವು. ಆಗ ಅವರಿಗೆ ಬೇಕಾದದ್ದು ಚೀಟಿ ನೋಡಿ ಕೊಳ್ಳುವವರಲ್ಲ, ಹೊಲ ನೋಡಿ ಕೊಳ್ಳುವವರು. ವರ್ಷವಿಡೀ ಜೋಳ, ಕಾಳು, ಸೊಪ್ಪು ಬೇಕಾಗುವ, ಬೆಳೆಗಾರರ ಗುರುತಿರುವ ಖಾನಾವಳಿಗಿಂತ ಒಳ್ಳೆಯ ಗಿರಾಕಿ ಅವರಿಗೆ ಸಿಕ್ಕೀತೇ? ಉಣ್ಣುವ ನಾವು ಊಟಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೊಡಲು ಒಪ್ಪಿದರೆ ಈ ಕೊಂಡಿ ಬಲಗೊಳ್ಳುತ್ತದೆ.

ಕೈ ತೊಳೆದು ಬಂದು ರೊಟ್ಟಿ ಬಡಿಯುತ್ತಿದ್ದವರನ್ನು ಕೇಳಿದೆ: ‘ಜೋಳ ಎಲ್ಲೀದ್ರಿ ಅಕ್ಕಾರ?’ ಅವರು ಮೂಲೆಯ ಚೀಲದಿಂದ ನಾಲ್ಕು ಕಾಳು ತೆಗೆದು ನನ್ನ ಅಂಗೈಗೆ ಹಾಕಿದರು. ‘ಸವಣೂರ ಕಡೀದು. ಕಡದ ನೋಡ್ರಿ.’ ಕಡಿದೆ. ಗಟ್ಟಿ ಕಾಳು, ಕೊನೆಗೆ ಸಣ್ಣ ಸಿಹಿ. ಬೆಳೆದವರ ಊರು, ಹೊಲದ ದಿಕ್ಕು, ಈ ಸಲದ ಮಳೆ, ಎಲ್ಲವನ್ನೂ ಅವರು ಹೇಳುತ್ತ ಹೋದರು. ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ.