ಡಬ್ಬಿಯ ಮೇಲಿನ ಅಂಕಿ ನೋಡಿ ಹೆಡ್‌ಫೋನ್ ಕೊಳ್ಳುವವರಿಗೆ

2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹೊಸ ರೈಲು ಮಾರ್ಗ ಲೋಕಾರ್ಪಣೆಯಾಯಿತು. ಕಾಚಿಗೂಡ–ರಾಯಚೂರು ರೈಲಿಗೂ ಅಂದೇ ಹಸಿರು ನಿಶಾನೆ ಸಿಕ್ಕಿತು. ತೆಲಂಗಾಣದ ಗಡಿಯಲ್ಲಿರುವ ಮಕ್ತಲ್, ಮಾಗನೂರು, ಕೃಷ್ಣಾ ಕಡೆಯ ಹುಡುಗರಿಗೆ ಅತ್ತ ಹೈದರಾಬಾದ್, ಇತ್ತ ರಾಯಚೂರು ಒಂದೇ ಹಳಿಯ ಎರಡು ತುದಿಗಳಾದವು. ಕಾಲೇಜಿಗೆ, ಕೆಲಸಕ್ಕೆ, ಸಂತೆಗೆ ಓಡಾಡುವ ಈ ಮಂದಿಯ ಕಿವಿಯಲ್ಲಿರುವುದು ಹೆಚ್ಚಾಗಿ ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್. ಹತ್ತಿ ಬಿಡಿಸಿದ ಕೂಲಿಯಲ್ಲೋ ಮನೆಯವರು ಓದಿಗೆಂದು ಕಳಿಸಿದ ದುಡ್ಡಿನಲ್ಲೋ ಕೊಂಡದ್ದು ಆರು ತಿಂಗಳಿಗೆ ಕೈಕೊಟ್ಟರೆ ಆ ನಷ್ಟ ಸಣ್ಣದಲ್ಲ. ಅಗ್ಗದ ಬೆಲೆಯಲ್ಲೂ ಬಾಳುವ ಮಾಲು ಉಂಟು. ಅದನ್ನು ಗುರುತಿಸಲು ನಾವು ನೋಡುತ್ತಿರುವ ಜಾಗ ಮಾತ್ರ ಸರಿಯಿಲ್ಲ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದದ್ದಕ್ಕೂ ಮೊದಲು ಕೆಡುವ ಭಾಗಕ್ಕೂ ಸಂಬಂಧ ತೀರ ಕಡಿಮೆ.

ತಪ್ಪು ಕಲ್ಪನೆ: ಅರವತ್ತು ಗಂಟೆ ಬ್ಯಾಟರಿ ಅಂದಮೇಲೆ ವರ್ಷಗಟ್ಟಲೆ ಬಾಳುತ್ತದೆ.

ವಾಸ್ತವ: ಅರವತ್ತು ಗಂಟೆ ಎಂಬುದು ಒಂದು ಸಲದ ಲೆಕ್ಕ. ಇಯರ್‌ಬಡ್ಸ್ ಆದರೆ ಅದರಲ್ಲಿ ಚಾರ್ಜಿಂಗ್ ಡಬ್ಬಿಯೊಳಗಿನ ಚಾರ್ಜೂ ಸೇರಿರುತ್ತದೆ, ದನಿಯನ್ನು ಮಧ್ಯಮದಲ್ಲಿ ಇಟ್ಟು ಅಳೆದಿರುತ್ತಾರೆ. ಬಾಳಿಕೆಯ ಲೆಕ್ಕವೇ ಬೇರೆ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ತುಂಬಿ ಪೂರ್ತಿ ಬರಿದಾದ ಮೇಲೆ ಸೊರಗತೊಡಗುತ್ತದೆ. ಇಯರ್‌ಬಡ್ ಒಂದರೊಳಗಿನ ಸೆಲ್ ಸಾಮಾನ್ಯವಾಗಿ ಬರೀ 30ರಿಂದ 50 ಎಂಎಎಚ್. ನಾಲ್ಕು ಗಂಟೆ ಓಡುವ ಬಡ್ಸನ್ನು ದಿನಕ್ಕೆ ಎಂಟು ಗಂಟೆ ಹಾಕಿಕೊಂಡರೆ ದಿನಕ್ಕೆರಡು ಸುತ್ತು ಮುಗಿದವು. ಐದುನೂರು ಸುತ್ತು ಎಂಟು ತಿಂಗಳಲ್ಲಿ ತೀರಿತು. ಇಪ್ಪತ್ತು ಗಂಟೆ ಓಡುವ ನೆಕ್‌ಬ್ಯಾಂಡನ್ನು ಅಷ್ಟೇ ಹೊತ್ತು ಬಳಸಿದರೆ ಎರಡೂವರೆ ದಿನಕ್ಕೆ ಒಂದು ಸುತ್ತು. ಆದ್ದರಿಂದ ದಿನವಿಡೀ ಕೇಳುವವರಿಗೆ ಈ ಬೆಲೆಯಲ್ಲಿ ನೆಕ್‌ಬ್ಯಾಂಡೇ ಮೇಲು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಇನ್ನೊಂದು ಕಾರಣವೂ ಇದೆ: ಬಡ್ಸ್‌ನಲ್ಲಿ ಒಂದು ಕಿವಿಯದು ಸೋತರೆ ಜೋಡಿಯೇ ಹೋದಂತೆ. ಅಷ್ಟು ಪುಟ್ಟ ಸೆಲ್ ಬದಲಿಸಿಕೊಡುವ ಅಂಗಡಿ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಸುತ್ತಿಗಿಂತ ದೊಡ್ಡ ಶತ್ರು ಬಿಸಿಲು. ಪೂರ್ತಿ ತುಂಬಿದ ಲಿಥಿಯಂ ಬ್ಯಾಟರಿಯನ್ನು 40 ಡಿಗ್ರಿಯಲ್ಲಿ ವರ್ಷವಿಟ್ಟರೆ, ಒಮ್ಮೆಯೂ ಬಳಸದೆಯೇ ಅದರ ಶಕ್ತಿ ಸುಮಾರು 65 ಪ್ರತಿಶತಕ್ಕೆ ಇಳಿಯುತ್ತದೆ. 40 ಪ್ರತಿಶತವಷ್ಟೇ ತುಂಬಿಟ್ಟರೆ 85 ಪ್ರತಿಶತ ಉಳಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಾರಾಯಣಪೇಟೆ, ಗದ್ವಾಲ, ರಾಯಚೂರಿನ ಬಯಲಲ್ಲಿ ನೆರಳಿನ ತಾಪವೇ 40 ದಾಟುತ್ತದೆ; ಟ್ರ್ಯಾಕ್ಟರಿನ ಮುಂದಿನ ಹಲಗೆ, ಬೈಕಿನ ಡಿಕ್ಕಿ ಇನ್ನೂ ಬಿಸಿ. ರಾತ್ರಿಯಿಡೀ ಚಾರ್ಜಿಗಿಟ್ಟು ಬೆಳಗ್ಗೆ ಡಿಕ್ಕಿಯಲ್ಲಿ ಎಸೆದು ಹೋದರೆ ಯಾವ ಕಂಪನಿಯ ಮಾಲೂ ತಾಳಲಾರದು. ಬೇಸಿಗೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ, ನೆರಳಲ್ಲಿಡಿ. ಇದಕ್ಕೆ ಖರ್ಚಿಲ್ಲ, ಲಾಭ ದೊಡ್ಡದು.

ತಪ್ಪು ಕಲ್ಪನೆ: ಐಪಿಎಕ್ಸ್4 ಎಂದು ಬರೆದಿದೆ, ಮಳೆ, ಬೆವರು, ಧೂಳು ಯಾವುದಕ್ಕೂ ಹೆದರಬೇಕಿಲ್ಲ.

ವಾಸ್ತವ: ಆ ಗುರುತಿನಲ್ಲಿ ಮೊದಲ ಜಾಗ ಧೂಳಿನದು, ಎರಡನೆಯದು ನೀರಿನದು. ಮೊದಲ ಜಾಗದಲ್ಲಿ ‘ಎಕ್ಸ್’ ಇದ್ದರೆ ಧೂಳಿನ ತಡೆಗೆ ಯಾವ ಅಂಕಿಯೂ ಕೊಟ್ಟಿಲ್ಲವೆಂದೇ ಅರ್ಥ. ಎರೆಹೊಲದ ಧೂಳು ಜಾಲರಿಯಲ್ಲಿ ಕೂತು ದನಿಯನ್ನೇ ಮಂಕಾಗಿಸುವ ಈ ಸೀಮೆಯಲ್ಲಿ ಅದು ಮುಖ್ಯ ಮಾತು. ಹೊಲದಲ್ಲಿ ಬಳಸುವವರು ಐಪಿ55 ಇರುವುದನ್ನು ಹುಡುಕಲಿ. ನೀರಿನ ಜಾಗದ 4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ಹನಿ ತಡೆಯುತ್ತದೆ ಎಂದಷ್ಟೇ. ಈ ಪರೀಕ್ಷೆ ಮಾಡುವುದು ಹೊಸ ಮಾಲಿನ ಮೇಲೆ, ಸಿಹಿನೀರಿನಿಂದ. ಬೆವರಿನ ಉಪ್ಪು ಚಾರ್ಜಿಂಗ್ ಪಿನ್ನನ್ನು ತಿನ್ನುವುದು ಅದರಲ್ಲಿ ಲೆಕ್ಕಕ್ಕಿಲ್ಲ. ಬಡ್ಸ್‌ಗೆ ಈ ಗುರುತಿದ್ದರೂ ಅದರ ಚಾರ್ಜಿಂಗ್ ಡಬ್ಬಿಗೆ ಬಹಳ ಸಲ ಇರುವುದಿಲ್ಲ. ಒದ್ದೆ ಬಡ್ಸನ್ನು ಒರೆಸದೆ ಒಳಗಿಡುವುದೇ ಡಬ್ಬಿ ಕೆಡಲು ಹಾದಿ. ಇಷ್ಟಿದ್ದೂ ನೀರಿನಿಂದಾದ ಹಾನಿಯನ್ನು ಹೆಚ್ಚಿನ ವಾರಂಟಿ ಕಾಗದಗಳು ಹೊರಗಿಡುತ್ತವೆ. ಕೊಳ್ಳುವ ಮೊದಲೇ ಓದಿ.

ತಪ್ಪು ಕಲ್ಪನೆ: ಬ್ಲೂಟೂತ್ 5.0ಕ್ಕಿಂತ 5.4ರಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ.

ವಾಸ್ತವ: ಆವೃತ್ತಿಯ ಅಂಕಿ ಹಾಡಿನ ಗುಣ ಹೇಳುವುದಿಲ್ಲ. ಹಾಡು ಎಸ್‌ಬಿಸಿ, ಎಎಸಿಯಂಥ ಕೋಡೆಕ್‌ಗಳ ಮೂಲಕ ಬರುತ್ತದೆ. ಫೋನ್, ಹೆಡ್‌ಫೋನ್ ಎರಡರಲ್ಲೂ ಇರುವುದಷ್ಟೇ ಕೆಲಸಕ್ಕೆ ಬರುತ್ತದೆ. 2016ರಲ್ಲಿ ಬಂದ 5.0 ಇರುವ ಒಳ್ಳೆಯ ಮಾಲು, ಇತ್ತೀಚಿನ ಆವೃತ್ತಿಯ ಕಳಪೆ ಮಾಲಿಗಿಂತ ಚೆನ್ನಾಗಿ ನುಡಿಯಬಲ್ಲದು.

ತಪ್ಪು ಕಲ್ಪನೆ: ಡ್ರೈವರ್ ದೊಡ್ಡದಿದ್ದು ಬೇಸ್ ಎದೆಗೆ ಗುದ್ದಿದರೆ ಅದೇ ಒಳ್ಳೆಯ ದನಿ.

ವಾಸ್ತವ: 10 ಎಂಎಂ, 13 ಎಂಎಂ ಎಂಬುದು ಪರದೆಯ ಅಗಲ. ದನಿ ಹೇಗಿರಬೇಕೆಂದು ನಿರ್ಧರಿಸುವುದು ಅದನ್ನು ಹದಗೊಳಿಸಿದ ರೀತಿ, ಕಿವಿಯಲ್ಲಿ ಅದು ಕೂರುವ ಬಿಗಿ. ಅಗ್ಗದ ಮಾಲಿನಲ್ಲಿ ಬೇಸನ್ನು ಬೇಕೆಂದೇ ಉಬ್ಬಿಸಿರುತ್ತಾರೆ, ಅಂಗಡಿಯ ಎರಡು ನಿಮಿಷಕ್ಕೆ ಅದು ಮೆಚ್ಚುಗೆಯಾಗುತ್ತದೆ. ಪರೀಕ್ಷೆಗೆ ಡಿಜೆ ಹಾಡು ಹಾಕಬೇಡಿ. ನಿಮಗೆ ಬಾಯಿಪಾಠವಿರುವ ಒಂದು ತತ್ವಪದವನ್ನೋ ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನವನ್ನೋ ಹಾಕಿ. ತಂಬೂರಿಯ ಶ್ರುತಿ ಗಾಯಕನ ದನಿಯ ಹಿಂದೆ ಬೇರೆಯಾಗಿ ಕೇಳುತ್ತಿದೆಯೇ, ತಬಲಾದ ಎಡ ಮೊಳಗಿದಾಗ ಮಾತಿನ ಅಕ್ಷರ ಮುಳುಗುತ್ತಿದೆಯೇ, ಗಮನಿಸಿ. ಪದ ಸ್ಪಷ್ಟವಾಗಿ ಕೇಳದ ಹೆಡ್‌ಫೋನಿನಲ್ಲಿ ಪಾಠವೂ ಸ್ಪಷ್ಟವಾಗಿ ಕೇಳದು. ಜೊತೆಗೆ ಬಂದ ಮೂರು ಅಳತೆಯ ರಬ್ಬರ್ ತುದಿಗಳನ್ನೂ ಬದಲಿಸಿ ನೋಡಿ. ಸಡಿಲ ತುದಿಯಿಂದ ಒಳ್ಳೆಯ ಮಾಲೂ ಸಪ್ಪೆಯಾಗುತ್ತದೆ.

ತಪ್ಪು ಕಲ್ಪನೆ: ಇಎನ್‌ಸಿ ಇದ್ದರೆ ರೈಲಿನ ಗದ್ದಲ ಕೇಳಿಸುವುದಿಲ್ಲ.

ವಾಸ್ತವ: ಇಎನ್‌ಸಿ ನಿಮ್ಮ ಮೈಕಿಗೆ ಸಂಬಂಧಿಸಿದ್ದು, ಕರೆಯಲ್ಲಿ ಎದುರಿನವರಿಗೆ ನಿಮ್ಮ ಸುತ್ತಲಿನ ಗದ್ದಲ ತಗ್ಗುತ್ತದೆ. ನಿಮ್ಮ ಕಿವಿಗೆ ಗದ್ದಲ ತಗ್ಗಿಸುವುದು ಎಎನ್‌ಸಿ. ಅದೂ ಎಂಜಿನ್ನಿನ ಒಂದೇ ಸಮನೆಯ ಗುಂಯ್‌ಗುಡುವಿಕೆಯ ಮೇಲೆ ಚೆನ್ನಾಗಿ ನಡೆಯುತ್ತದೆ, ಪಕ್ಕದ ಸೀಟಿನ ಮಾತಿನ ಮೇಲೆ ಅಷ್ಟಾಗಿ ಅಲ್ಲ.

ತಪ್ಪು ಕಲ್ಪನೆ: ಬಿಐಎಸ್ ಗುರುತು ಇದ್ದರೆ ಗುಣಮಟ್ಟ ಖಾತ್ರಿ.

ವಾಸ್ತವ: ವೈರ್‌ಲೆಸ್ ಹೆಡ್‌ಫೋನ್, ಇಯರ್‌ಫೋನ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಆದರೆ ಅದು ನೋಡುವುದು ಸುರಕ್ಷತೆಯನ್ನು: ಶಾಕ್ ಹೊಡೆಯಬಾರದು, ಬೆಂಕಿ ಹೊತ್ತಬಾರದು. ದನಿ, ಬಾಳಿಕೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಆ ಗುರುತನ್ನು ಬಿಡಬೇಡಿ, ನಕಲಿ ಹಿಡಿಯಲು ಅದೇ ಆಧಾರ. ಡಬ್ಬಿಯ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಸಂಖ್ಯೆಯೇ ಇಲ್ಲದ, ಇದ್ದರೂ ಬೇರೆ ವಸ್ತುವಿನ ವಿವರ ತೋರಿಸುವ ಮಾಲನ್ನು ಅಲ್ಲೇ ಬಿಟ್ಟು ಬನ್ನಿ. ಬಾಳಿಕೆಯನ್ನು ಕೈಯಿಂದಲೇ ನೋಡಬೇಕು: ನೆಕ್‌ಬ್ಯಾಂಡಿನಲ್ಲಿ ತಂತಿ ಹೊರಡುವ ಬುಡಕ್ಕೆ ಮೆತ್ತನೆಯ ರಬ್ಬರ್ ತೋಳು ಇದೆಯೇ, ತಲೆಯ ಮೇಲೆ ಹಾಕುವುದಾದರೆ ಮಡಚುವ ಕೀಲು ಅಲ್ಲಾಡುತ್ತದೆಯೇ. ಮುರಿಯುವುದು ಬಹಳ ಸಲ ಈ ಜಾಗಗಳಲ್ಲೇ.

ತಪ್ಪು ಕಲ್ಪನೆ: ರಾಯಚೂರಿನಲ್ಲಿ ಕೊಂಡದ್ದಕ್ಕೆ ತೆಲಂಗಾಣದಲ್ಲಿ ದೂರು ಕೊಡಲಾಗದು.

ವಾಸ್ತವ: ಗಡಿಯ ಕನ್ನಡಿಗರಿಗೆ ಇದು ನಿಜಕ್ಕೂ ತಿಳಿದಿರಬೇಕಾದ ಸಂಗತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವನು ತಾನು ವಾಸಿಸುವ ಅಥವಾ ದುಡಿಯುವ ಊರು ಯಾವ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆಯೋ ಅಲ್ಲೇ ದೂರು ಕೊಡಬಹುದು. ಅಂಗಡಿ ಯಾವ ರಾಜ್ಯದಲ್ಲಿದ್ದರೂ ಸರಿ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದ ಕಾಲಾವಕಾಶವಿದೆ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇದಕ್ಕೆಲ್ಲ ಬೇಕಾದದ್ದು ಜಿಎಸ್‌ಟಿ ಸಂಖ್ಯೆ, ಮಾದರಿಯ ಹೆಸರು ಇರುವ ಪಕ್ಕಾ ಬಿಲ್ಲು. ‘ಬಿಲ್ಲು ಬೇಡವೆಂದರೆ ನೂರು ಕಡಿಮೆ’ ಎಂದರೆ ಒಪ್ಪಬೇಡಿ, ಬಿಲ್ಲು ಕೇಳಿ ಪಡೆಯಿರಿ. ಕಾಗದದ ಅಕ್ಷರ ಮಾಸುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.