ಆಟದಂಗಳದ ಜಮಾ–ಖರ್ಚು

ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಕೋಪನ್‌ಹೇಗನ್ನಿನ ಎಮ್‌ಡ್ರುಪ್ ಬಡಾವಣೆಯಲ್ಲಿ 1943ರಲ್ಲಿ ಒಂದು ಆಟದ ಮೈದಾನ ಶುರುವಾಯಿತು. ನೋಡಿದವರಿಗೆ ಅದು ಗುಜರಿ ಅಂಗಡಿಯಂತೆ ಕಾಣುತ್ತಿತ್ತು. ಹಳೆಯ ಹಲಗೆ, ಇಟ್ಟಿಗೆ, ಹಗ್ಗ, ಮೊಳೆ, ಸುತ್ತಿಗೆ, ರಾಶಿ ಮಣ್ಣು. ಮಕ್ಕಳು ಮನಸ್ಸಿಗೆ ಬಂದದ್ದನ್ನು ಕಟ್ಟುತ್ತಿದ್ದರು, ಬೇಸರವಾದರೆ ಕೆಡವಿ ಮತ್ತೆ ಕಟ್ಟುತ್ತಿದ್ದರು. ಚೆಂದದ ಉದ್ಯಾನಗಳಿಗಿಂತ ಕಟ್ಟಡದ ಕೆಲಸ ನಡೆಯುವ ಜಾಗವೇ ಮಕ್ಕಳಿಗೆ ಹೆಚ್ಚು ಇಷ್ಟ ಎಂಬುದನ್ನು ಗಮನಿಸಿದ್ದ ಉದ್ಯಾನ ವಿನ್ಯಾಸಕ ಕಾರ್ಲ್ ಥಿಯೊಡೋರ್ ಸೋರೆನ್‌ಸನ್ ಅವರ ಕಲ್ಪನೆ ಅದು.

ಯುದ್ಧ ಮುಗಿದ ಮರುವರ್ಷ ಆ ಊರನ್ನು ಹಾದುಹೋಗುತ್ತಿದ್ದ ಇಂಗ್ಲೆಂಡಿನ ಮಹಿಳೆಯೊಬ್ಬರು ಈ ಗುಜರಿ ಮೈದಾನವನ್ನು ಕಂಡು ಬೆರಗಾದರು. ಅವರು ಮಾರ್ಜರಿ ಅಲೆನ್. ಊರಿಗೆ ಮರಳಿದವರೇ ‘ಪಿಕ್ಚರ್ ಪೋಸ್ಟ್’ ಪತ್ರಿಕೆಯಲ್ಲಿ ಲೇಖನ ಬರೆದು, ಬಾಂಬು ಬಿದ್ದು ಪಾಳುಬಿದ್ದ ಲಂಡನ್ನಿನ ನಿವೇಶನಗಳನ್ನು ಮಕ್ಕಳಿಗೆ ಹೀಗೆಯೇ ಬಿಟ್ಟುಕೊಡಬಾರದೇಕೆ ಎಂದು ಕೇಳಿದರು. ಇಂದು ಬ್ರಿಟನ್ನಿನಲ್ಲಿ ‘ಅಡ್ವೆಂಚರ್ ಪ್ಲೇಗ್ರೌಂಡ್’ ಎಂದು ಕರೆಯುವ ಆಟದಂಗಳಗಳ ಪರಂಪರೆ ಬೆಳೆದದ್ದು ಆ ಪ್ರಶ್ನೆಯಿಂದ.

ಮಾರ್ಜರಿ ಹುಟ್ಟಿದ್ದು 1897ರಲ್ಲಿ. ತೋಟಗಾರಿಕೆ ಓದಿದವರು; ಲಂಡನ್ನಿನ ಸೆಲ್ಫ್‌ರಿಜಸ್ ಮಳಿಗೆಯ ತಾರಸಿಯ ಮೇಲೆ ಉದ್ಯಾನ ಮಾಡಿದವರು; ಬ್ರಿಟನ್ನಿನ ಭೂದೃಶ್ಯ ವಿನ್ಯಾಸಕರ ಸಂಸ್ಥೆಗೆ ಆಯ್ಕೆಯಾದ ಮೊದಲ ಫೆಲೊ. ಪತಿ ಕ್ಲಿಫರ್ಡ್ ಅಲೆನ್ ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಲ್ಲೆ ಎಂದು ಜೈಲಿಗೆ ಹೋಗಿ, ಅಲ್ಲೇ ಆರೋಗ್ಯ ಕಳೆದುಕೊಂಡವರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಮಾರ್ಜರಿ ತಮ್ಮನ್ನು ಪೂರ್ತಿಯಾಗಿ ಮಕ್ಕಳ ಕೆಲಸಕ್ಕೆ ಕೊಟ್ಟುಕೊಂಡರು. 1944ರಲ್ಲಿ ‘ದ ಟೈಮ್ಸ್’ ಪತ್ರಿಕೆಗೆ ಅವರು ಬರೆದ ಪತ್ರ ಅನಾಥಾಲಯಗಳಲ್ಲಿನ ಮಕ್ಕಳ ಪಾಡನ್ನು ಬೀದಿಗೆ ತಂದಿತು. ಅದರ ಬೆನ್ನಿಗೆ ವಿಚಾರಣೆಗೆಂದು ಕರ್ಟಿಸ್ ಸಮಿತಿ ಬಂತು, 1948ರಲ್ಲಿ ಮಕ್ಕಳ ಕಾಯ್ದೆಯೂ ಬಂತು. ಒಂದು ಪತ್ರದಿಂದ ಕಾಯ್ದೆಯವರೆಗೆ ಹಟ ಬಿಡದೆ ನಡೆದ ಈ ಹೆಂಗಸು ಎಪ್ಪತ್ತರ ಹೊಸ್ತಿಲಲ್ಲಿ ಕೈಗೆತ್ತಿಕೊಂಡ ಕೆಲಸವೇ ಈ ಲೇಖನದ ವಸ್ತು.

1966ರಲ್ಲಿ ಅವರ ಮುಂದಾಳತ್ವದಲ್ಲಿ ಅಂಗವಿಕಲ ಮಕ್ಕಳ ಆಟದಂಗಳಕ್ಕೆಂದೇ ಒಂದು ಸಂಘ ಹುಟ್ಟಿತು. ಹ್ಯಾಂಡಿಕ್ಯಾಪ್ಡ್ ಅಡ್ವೆಂಚರ್ ಪ್ಲೇಗ್ರೌಂಡ್ ಅಸೋಸಿಯೇಷನ್, ಚಿಕ್ಕದಾಗಿ ‘ಹಾಪಾ’. ಮೊದಲ ಮೈದಾನ 1970ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ತೆರೆಯಿತು. ಜಾಗ ಸಿಕ್ಕಿದ್ದು ಅಲ್ಲಿನ ಚರ್ಚಿನ ಪಾದ್ರಿಯ ನಿವಾಸದ ತೋಟದಲ್ಲಿ. ಆ ವರ್ಷದ ಮಹತ್ವ ತಿಳಿಯಬೇಕಾದರೆ ಇನ್ನೊಂದು ಸಂಗತಿ ಗೊತ್ತಿರಬೇಕು. ತೀವ್ರ ಬೌದ್ಧಿಕ ತೊಂದರೆಯಿರುವ ಮಕ್ಕಳನ್ನು ಇಂಗ್ಲೆಂಡಿನ ಕಾನೂನು ಆಗಿನ್ನೂ ಶಿಕ್ಷಣಕ್ಕೆ ತಕ್ಕವರಲ್ಲ ಎಂದು ಹೊರಗಿಟ್ಟಿತ್ತು. ಶಾಲೆಯ ಬಾಗಿಲು ಅವರಿಗೆ ತೆರೆದದ್ದು 1971ರ ಏಪ್ರಿಲ್‌ನಲ್ಲಿ. ಆ ಮಕ್ಕಳಿಗಾಗಿ ಶಾಲೆಗಿಂತ ಮೊದಲು ಮೈದಾನವನ್ನು ತೆರೆದಿಟ್ಟದ್ದು ಮಾರ್ಜರಿಯವರ ದೊಡ್ಡತನ. ಬಿದ್ದು ಪೆಟ್ಟು ಮಾಡಿಕೊಳ್ಳುವ ಅವಕಾಶವೂ ಮಗುವಿನ ಹಕ್ಕೇ ಎಂದು ಅವರು ನಂಬಿದ್ದರು. ಗಾಲಿಕುರ್ಚಿಯ ಮಗು ಕೂಡ ಮಣ್ಣು ಮೆತ್ತಿಕೊಳ್ಳಬೇಕು, ನೀರು ಎರಚಬೇಕು, ಎತ್ತರಕ್ಕೆ ಏರಿ ಹೆದರಬೇಕು.

ಇಂಥ ಜಾಗಕ್ಕೆ ಹಣ ಬೇಕು. ಬಹುಪಾಲು ಹಣ ಹೋಗುವುದು ಉಪಕರಣಕ್ಕಲ್ಲ, ಜನಕ್ಕೆ. ಸಾಮಾನ್ಯ ಪಾರ್ಕಿನಲ್ಲಿ ಒಮ್ಮೆ ಉಯ್ಯಾಲೆ ನೆಟ್ಟರೆ ವರ್ಷಗಟ್ಟಲೆ ನಡೆಯುತ್ತದೆ. ಇಲ್ಲಿ ಕೊಳವೆಯ ಮೂಲಕ ಆಹಾರ ಪಡೆಯುವ ಮಗುವಿಗೆ, ಮೂರ್ಛೆ ಬರುವ ಮಗುವಿಗೆ, ಬೇಲಿ ಹಾರಿ ರಸ್ತೆಗೆ ಓಡುವ ಮಗುವಿಗೆ ಒಬ್ಬೊಬ್ಬ ತರಬೇತಾದ ಕೆಲಸಗಾರ ಜೊತೆಗಿರಬೇಕಾಗುತ್ತದೆ. ಬೇಸಿಗೆ ರಜೆ ಬಂದರೆ ಕೆಲಸಗಾರರು ದುಪ್ಪಟ್ಟು ಬೇಕು. ಆದರೆ ಅನುದಾನದ ಕಂತು ಮಕ್ಕಳ ರಜೆ ನೋಡಿ ಬರುವುದಿಲ್ಲ.

ಹಾಗಾಗಿ ಇಂಥ ಸಂಸ್ಥೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಮೈದಾನ ನೋಡಿದರೆ ಸಾಲದು, ಅಢಾವೆ ಪತ್ರಿಕೆಯನ್ನೂ ಓದಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಸುಲಭ. ತೀರಾ ಚಿಕ್ಕವನ್ನು ಬಿಟ್ಟರೆ ಬಹುತೇಕ ದತ್ತಿ ಸಂಸ್ಥೆಗಳು ಚಾರಿಟಿ ಕಮಿಷನ್ ಎಂಬ ಇಲಾಖೆಯ ಪಟ್ಟಿಯಲ್ಲಿರುತ್ತವೆ. ಆರ್ಥಿಕ ವರ್ಷ ಮುಗಿದ 10 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಟ್ರಸ್ಟಿಗಳ ಹೆಸರು, ಐದು ವರ್ಷದ ಆದಾಯ–ವೆಚ್ಚ, ವಿವರ ಸಲ್ಲಿಸಲು ತಡವಾಗಿದ್ದರೆ ಆ ಸಂಗತಿ, ಎಲ್ಲವನ್ನೂ ಯಾರು ಬೇಕಾದರೂ ಮನೆಯಲ್ಲೇ ಕುಳಿತು ನೋಡಬಹುದು. ವರ್ಷ ವರ್ಷವೂ ತಡವಾಗಿ ಲೆಕ್ಕ ಕೊಡುವ ಸಂಸ್ಥೆಯಲ್ಲಿ ಏನೋ ಸರಿಯಿಲ್ಲ ಎಂದು ಅನುಭವಿ ದಾನಿಗಳು ಅಷ್ಟರಿಂದಲೇ ಊಹಿಸುತ್ತಾರೆ.

ಲೆಕ್ಕಪತ್ರದಲ್ಲಿ ಕಣ್ಣು ತಪ್ಪುವ ಜಾಗವೊಂದಿದೆ. ಒಂದು ಸಂಸ್ಥೆಯ ಬಳಿ 2 ಲಕ್ಷ ಪೌಂಡ್ ಇದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 1.2 ಲಕ್ಷ ಪೌಂಡ್ ಮರದ ಕಟ್ಟಡ, ಇಳಿಜಾರು ದಾರಿ, ಅಟ್ಟಣಿಗೆಗಳ ಬೆಲೆ. ಇನ್ನು 60 ಸಾವಿರ ಪೌಂಡ್ ಇಂಥದ್ದೇ ಕೆಲಸಕ್ಕೆಂದು ದಾನಿ ಷರತ್ತು ಹಾಕಿ ಕೊಟ್ಟದ್ದು. ಸಂಗೀತದ ಕೋಣೆಗೆಂದು ಬಂದ ಹಣವನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ಕೈಗೆ ಸಿಗುವುದು 20 ಸಾವಿರ. ತಿಂಗಳ ಖರ್ಚು 25 ಸಾವಿರವಾದರೆ, ಆ ‘ಶ್ರೀಮಂತ’ ಸಂಸ್ಥೆಗೆ ಒಂದು ತಿಂಗಳು ದಾಟುವ ಶಕ್ತಿಯೂ ಇಲ್ಲ. ಆದ್ದರಿಂದಲೇ ಎಷ್ಟು ಮೀಸಲು ಹಣ ಇಟ್ಟುಕೊಳ್ಳುತ್ತೇವೆ, ಏಕೆ ಎಂಬುದನ್ನು ಟ್ರಸ್ಟಿಗಳು ವಾರ್ಷಿಕ ವರದಿಯಲ್ಲಿ ಬರೆಯಬೇಕೆಂಬ ನಿಯಮವಿದೆ.

ಆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಲಂಡನ್ 2015ರ ಆಗಸ್ಟ್‌ನಲ್ಲಿ ಕಂಡಿತು. ಕ್ಯಾಮಿಲಾ ಬಟ್‌ಮಂಗೆಲಿಜ್ 1996ರಲ್ಲಿ ಕಟ್ಟಿದ ‘ಕಿಡ್ಸ್ ಕಂಪನಿ’ ಆಟದ ಸಂಸ್ಥೆಯಲ್ಲ. ಬಡತನ, ಹಿಂಸೆಗಳಲ್ಲಿ ನಲುಗಿದ ಮಕ್ಕಳ ಆಸರೆ. ಸರ್ಕಾರ 30 ಲಕ್ಷ ಪೌಂಡ್ ಕೊಟ್ಟ ಕೆಲವೇ ದಿನಗಳಲ್ಲಿ ಅದು ಬಾಗಿಲು ಹಾಕಿತು. 2021ರಲ್ಲಿ ಹೈಕೋರ್ಟು ಟ್ರಸ್ಟಿಗಳನ್ನು ಅನರ್ಹಗೊಳಿಸಲು ನಿರಾಕರಿಸಿತು. ಮರುವರ್ಷ ಚಾರಿಟಿ ಕಮಿಷನ್ ಮಾತ್ರ, ಬಾಕಿ ಬರಬೇಕಿದ್ದವರಿಗೆ, ನೌಕರರಿಗೆ, ತೆರಿಗೆ ಇಲಾಖೆಗೆ ಸಕಾಲದಲ್ಲಿ ಹಣ ಕೊಡದೇ ಇದ್ದದ್ದು ಆಡಳಿತದ ಲೋಪವೆಂದು ದಾಖಲಿಸಿತು. ಪ್ರೀತಿ ಬೇಕಾದಷ್ಟಿತ್ತು, ಮೀಸಲು ಹಣ ಸಾಕಷ್ಟಿರಲಿಲ್ಲ. ಬೀದಿಗೆ ಬಿದ್ದವರು ಮಕ್ಕಳೇ.

ಊರಿನ ಪುಟ್ಟ ಆಟದ ಸಂಸ್ಥೆಯಲ್ಲಿ ಟ್ರಸ್ಟಿಗಳಾಗಿ ಕೂರುವವರು ಹಲವೊಮ್ಮೆ ಅಲ್ಲಿ ಆಡುವ ಮಕ್ಕಳ ತಂದೆತಾಯಿಯರೇ. ಸಾಮಾನ್ಯವಾಗಿ ಸಂಬಳವಿಲ್ಲದ ಕೆಲಸ ಅದು. ಅವರಿಗಿಂತ ಚೆನ್ನಾಗಿ ಮಕ್ಕಳ ಅಗತ್ಯ ಯಾರಿಗೂ ಗೊತ್ತಿಲ್ಲ. ಹಾಗಿದ್ದರೂ ರಜೆಯ ಶಿಬಿರದಲ್ಲಿ ಹತ್ತೇ ಜಾಗವಿದ್ದು, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ತನ್ನ ಮಗುವಿನ ಹೆಸರೂ ಇದ್ದರೆ ಆ ತಾಯಿ ಅದನ್ನು ಹೇಳಿಕೊಂಡು ಪಕ್ಕಕ್ಕೆ ಸರಿಯಬೇಕು, ಸಭೆಯ ನಡಾವಳಿಯಲ್ಲಿ ಅದು ದಾಖಲಾಗಬೇಕು. ನಡಾವಳಿ ಪುಸ್ತಕದ ಈ ಎರಡು ಸಾಲು ಸಂಸ್ಥೆಯ ಮರ್ಯಾದೆ ಉಳಿಸುತ್ತವೆ. ಟ್ರಸ್ಟಿಯ ನೆಂಟರ ಅಂಗಡಿಯಿಂದ ಮರ ಕೊಂಡರೆ ಅದೂ ಅಷ್ಟೇ. ಮಂಡಳಿಯಲ್ಲಿ ಲೆಕ್ಕ ಬಲ್ಲವರು ಒಬ್ಬರೇ ಇದ್ದು, ಉಳಿದವರೆಲ್ಲ ಅವರನ್ನು ನಂಬಿ ಸಹಿ ಹಾಕುವ ರೂಢಿ ಬೆಳೆದರೆ ಅದು ಇನ್ನೂ ಅಪಾಯ.

ಹೊರಗಿನ ಗಾಳಿಯೂ ಅನುಕೂಲವಾಗಿಲ್ಲ. 2007ರಲ್ಲಿ ಬ್ರಿಟಿಷ್ ಸರ್ಕಾರ ಅಂಗವಿಕಲ ಮಕ್ಕಳ ಕುಟುಂಬಗಳಿಗೆಂದು 34 ಕೋಟಿ ಪೌಂಡ್ ಘೋಷಿಸಿತ್ತು. ಮರುವರ್ಷ ಆಟದಂಗಳಗಳಿಗೆಂದು 23.5 ಕೋಟಿ ಪೌಂಡಿನ ಯೋಜನೆ ಬಂತು. 2010ರಲ್ಲಿ ಸರ್ಕಾರ ಬದಲಾಯಿತು, ಉಳಿತಾಯದ ಮಾತು ಶುರುವಾಯಿತು, ಆಟದ ಯೋಜನೆ ಅರ್ಧದಲ್ಲೇ ಸೊರಗಿತು. 2025ರ ಏಪ್ರಿಲ್‌ನಿಂದ ನೌಕರರ ಸಂಬಳದ ಮೇಲೆ ಮಾಲೀಕರು ಕಟ್ಟುವ ರಾಷ್ಟ್ರೀಯ ವಿಮೆಯ ದರ ಶೇ 13.8ರಿಂದ ಶೇ 15ಕ್ಕೆ ಏರಿತು. ಅದಕ್ಕಿಂತ ಗಟ್ಟಿ ಪೆಟ್ಟು, ಯಾವ ವಾರ್ಷಿಕ ಸಂಬಳ ದಾಟಿದರೆ ವಿಮೆ ಕಟ್ಟಬೇಕೋ ಆ ಮಿತಿಯದ್ದು: 9,100 ಪೌಂಡ್ ಇದ್ದದ್ದು 5,000ಕ್ಕೆ ಇಳಿಯಿತು. ವರ್ಷಕ್ಕೆ 8,000 ಪೌಂಡ್ ದುಡಿಯುವ, 21 ದಾಟಿದ ಅರೆಕಾಲಿಕ ಆಟದ ಸಹಾಯಕಿಗಾಗಿ ಸಂಸ್ಥೆ ಹಿಂದೆ ಏನನ್ನೂ ಕಟ್ಟಬೇಕಿರಲಿಲ್ಲ. ಈಗ 450 ಪೌಂಡ್ ಕಟ್ಟಬೇಕು. ವರ್ಷಕ್ಕೆ 10,500 ಪೌಂಡ್‌ವರೆಗಿನ ರಿಯಾಯಿತಿ ಸಣ್ಣ ಸಂಸ್ಥೆಗಳನ್ನು ಕಾಯುತ್ತದೆ. ಅರೆಕಾಲಿಕ ನೌಕರರ ದೊಡ್ಡ ಪಡೆಯನ್ನೇ ನೆಚ್ಚಿಕೊಂಡ ಸಂಸ್ಥೆಗಳಿಗೆ ಅದು ಸಾಲದು.

ಬೆಂಗಳೂರಿನ ‘ಕಿಲಿಕಿಲಿ’ ಬಳಗವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಅಂಗವಿಕಲ ಮಕ್ಕಳ ಪೋಷಕರೇ ಕೂಡಿ ಕಟ್ಟಿದ ಈ ಸಂಸ್ಥೆ ಬೇರೆ ಹಾದಿ ಹಿಡಿಯಿತು. ಪ್ರತ್ಯೇಕ ಮೈದಾನ ಕಟ್ಟಿಕೊಳ್ಳದೆ, ಮಹಾನಗರ ಪಾಲಿಕೆಯೊಂದಿಗೆ ಸೇರಿ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್‌ನಂಥ ಸಾರ್ವಜನಿಕ ಉದ್ಯಾನಗಳಲ್ಲೇ ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಏರ್ಪಾಡು ಮಾಡಿತು. ನೆಲದ ಹೊರೆ ತಪ್ಪುವುದು ಇದರ ಜಾಣ್ಮೆ. ಇಂಥ ಸಂಸ್ಥೆಗಳಿಗೆ ನಮ್ಮಲ್ಲಿ ಇರುವ ಕಷ್ಟ ಬೇರೆ ಥರದ್ದು. ತೆರಿಗೆ ವಿನಾಯಿತಿ ಬೇಕಾದ ಟ್ರಸ್ಟು ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಖರ್ಚು ಮಾಡಲೇಬೇಕು. ಅದಕ್ಕಿಂತ ಕಡಿಮೆ ಖರ್ಚು ಮಾಡಿ ಹಣ ಉಳಿಸಬೇಕಾದರೆ ಇಂಥ ಉದ್ದೇಶಕ್ಕೆ ಎಂದು ತೋರಿಸಿ, ಐದು ವರ್ಷದೊಳಗೆ ಬಳಸಬೇಕು. ಅಲ್ಲಿ ಮೀಸಲು ಏಕಿಲ್ಲ ಎಂದು ಕೇಳುತ್ತಾರೆ, ಇಲ್ಲಿ ಹಣ ಏಕೆ ಉಳಿಯಿತು ಎಂದು ಕೇಳುತ್ತಾರೆ. ಮಕ್ಕಳ ಜೊತೆ ದಶಕಗಟ್ಟಲೆ ಇರಬೇಕಾದ ಸಂಸ್ಥೆಗೆ ಮೊದಲ ಪ್ರಶ್ನೆಯೇ ಹೆಚ್ಚು ನ್ಯಾಯವಾದದ್ದು.

ಮಾರ್ಜರಿ ಅಲೆನ್ 1976ರಲ್ಲಿ ತೀರಿಕೊಂಡರು. ಹಾಪಾ ಮುಂದೆ ‘ಕಿಡ್ಸ್‌ಆ್ಯಕ್ಟಿವ್’ ಎಂದು ಹೆಸರು ಬದಲಿಸಿಕೊಂಡು, 2003ರಲ್ಲಿ ‘ಕಿಡ್ಸ್’ ಎಂಬ ರಾಷ್ಟ್ರೀಯ ಸಂಸ್ಥೆಯೊಳಗೆ ಸೇರಿಹೋಯಿತು. ಅದರಲ್ಲಿ ತಪ್ಪೇನಿಲ್ಲ. ಸಂಬಳದ ಲೆಕ್ಕ, ಆಡಿಟ್, ಮಕ್ಕಳ ಸುರಕ್ಷತೆಯ ತರಬೇತಿಗಳ ವೆಚ್ಚ ಹಂಚಿಹೋಗುತ್ತದೆ. ಒಂದು ಪಾಲಿಕೆ ಅನುದಾನ ನಿಲ್ಲಿಸಿದ ಮಾತ್ರಕ್ಕೆ ಸಂಸ್ಥೆ ಮುಳುಗುವುದಿಲ್ಲ. ಆದರೆ ಮೈದಾನದ ಪಕ್ಕದ ಬೀದಿಯವರೇ ಕೂತು, ಈ ವರ್ಷ ಅಟ್ಟಣಿಗೆ ರಿಪೇರಿಯೋ ಇನ್ನೊಬ್ಬ ಕೆಲಸಗಾರನೋ ಎಂದು ಜಗಳವಾಡುತ್ತಿದ್ದ ಸಮಿತಿಗಳಿಗೆ ದೊಡ್ಡ ಸಂಸ್ಥೆಯಲ್ಲಿ ಜಾಗ ಕಡಿಮೆ. ಬರೆದು ಕೇಳಿದವರಿಗೆ ಇತ್ತೀಚಿನ ಲೆಕ್ಕಪತ್ರದ ಪ್ರತಿಯನ್ನು ಎರಡು ತಿಂಗಳೊಳಗೆ ಕೊಡಬೇಕೆಂದು ಇಂಗ್ಲೆಂಡಿನ ಕಾನೂನು ಹೇಳುತ್ತದೆ. ತನ್ನ ಮಗು ಆಡುವ ಮೈದಾನಕ್ಕೆ ಎಷ್ಟು ಖರ್ಚಾಯಿತೆಂದು ತಿಳಿಯಬೇಕೆನ್ನುವ ತಾಯಿಗೆ ಆ ಪ್ರತಿ ಸಿಗುತ್ತದೆ. ಅದರಲ್ಲಿ ಆ ಮೈದಾನದ ಲೆಕ್ಕ ಬೇರೆಯಾಗಿ ಇರಲೇಬೇಕೆಂಬ ನಿಯಮವಿಲ್ಲ.