ಅಕ್ಷರ ತಿದ್ದಿಸೋ ಮೊದಲು ಚಪ್ಪಾಳೆ ತಟ್ಟಿಸಿ: ಮಗುವಿನ ಓದು ಶುರುವಾಗೋದು ಕಿವಿಯಿಂದ

ಒಂದನೇ ತರಗತಿಗೆ ಸೇರಿಸಿ ತಿಂಗಳುಗಳಾದವು. ಮಗು ‘ಅ’ದಿಂದ ‘ಳ’ವರೆಗೆ ಗಟ್ಟಿಯಾಗಿ ಒಪ್ಪಿಸುತ್ತೆ. ಆದ್ರೆ ಪುಸ್ತಕದಲ್ಲಿ ‘ಕಮಲ’ ಅಂತಿದ್ರೆ ಬಾಯಿ ಬಿಡಲ್ಲ. ‘ಇವನ ತಲೆಗೆ ಹತ್ತಲ್ಲ’ ಅಂತ ತೀರ್ಮಾನ ಮಾಡೋ ಮೊದಲು ಪುಸ್ತಕ ಮುಚ್ಚಿಟ್ಟು ಒಂದು ಪ್ರಶ್ನೆ ಕೇಳಿ: “ಕಮಲ ಅನ್ನೋಕೆ ಎಷ್ಟು ಚಪ್ಪಾಳೆ?”

ಕ-ಮ-ಲ, ಮೂರು. ಇದು ಹೇಳೋಕೆ ಬರದ ಮಗುವಿಗೆ, ಪದವನ್ನ ತುಂಡು ತುಂಡಾಗಿ ಒಡೆಯಬಹುದು ಅನ್ನೋದು ಇನ್ನೂ ಹೊಳೆದಿಲ್ಲ. ಅಕ್ಷರ ಗೊತ್ತಿದ್ದರೂ ಓದು ಅಲ್ಲೇ ನಿಲ್ಲುತ್ತೆ. ಬೈದರೆ ಇದು ಬರಲ್ಲ, ಆಡಿಸಿದರೆ ಬರುತ್ತೆ.

ಎಣಿಸೋದು ಹೇಗೆ?

ಪದದ ಈ ತುಂಡಿಗೆ ವ್ಯಾಕರಣದಲ್ಲಿ ಉಚ್ಚಾರಾಂಶ ಅಂತಾರೆ. ಒಂದು ಸ್ವರಕ್ಕೆ ಒಂದು ಚಪ್ಪಾಳೆ, ಅಷ್ಟೇ ಲೆಕ್ಕ. ದೀರ್ಘ ಬಂದರೂ ಚಪ್ಪಾಳೆ ಒಂದೇ: ಮಾ-ವು, ಎರಡು. ಹೈಸ್ಕೂಲಲ್ಲಿ ಕಲಿತ ಲಘು-ಗುರು ಮಾತ್ರೆ ಲೆಕ್ಕ ಇಲ್ಲಿ ಬೇಡ. ಒತ್ತಕ್ಷರ ಇದ್ದರೆ ಕಿವಿ ನಂಬಿ: ಇಡ್-ಲಿ ಎರಡು, ಸಕ್-ಕ-ರೆ ಮೂರು. ‘ಬಸ್’ ಬರೆಯೋಕೆ ಎರಡಕ್ಷರ ಬೇಕು, ಚಪ್ಪಾಳೆ ಮಾತ್ರ ಒಂದು.

ಅಂಗಡಿಯೇ ಪಾಠಶಾಲೆ

ಮೂರು-ನಾಲ್ಕು ವರ್ಷದಿಂದಲೇ ಆಡಿಸಬಹುದು. ಮೊದಲು ಮಗುವಿನ ಹೆಸರು, ಆಮೇಲೆ ಮನೆಯವರ ಹೆಸರು. ಕಿರಾಣಿ ಅಂಗಡಿಗೆ ಹೋದಾಗ ಚೀಟಿ ಓದಿ: ಉಪ್-ಪು ಎರಡು, ಬಟಾಣಿ ಮೂರು, ಕೊತ್-ತಂ-ಬ-ರಿ ನಾಲ್ಕು, ತೆಂ-ಗಿ-ನ-ಕಾ-ಯಿ ಐದು. ಅಂಗಡಿಯವರೂ ಚಿಲ್ಲರೆ ಕೊಡೋವಾಗ “ಬೆಲ್ಲಕ್ಕೆ ಎಷ್ಟು ಚಪ್ಪಾಳೆ ಪುಟ್ಟಾ?” ಅಂತ ಕೇಳಬಹುದು. ಎಣಿಕೆ ಸಲೀಸಾದ ಮೇಲೆ “ಬಟಾಣಿಯಲ್ಲಿ ಮೊದಲು ಏನು ಬಂತು? ಕೊನೆಗೆ ಏನು?” ಅಂತ ಕೇಳಿ. ದಿನಕ್ಕೆ ಐದು ನಿಮಿಷ ಸಾಕು.

ಮಗು ತಪ್ಪಿಲ್ಲದಿರಬಹುದು

ಪುಸ್ತಕದಲ್ಲಿ ‘ಕುದುರೆ’, ಮೂರು. ಮನೆಯಲ್ಲಿ ನಾವು ಅನ್ನೋದು ‘ಕುದ್ರೆ’. ಮಗು ಎರಡೇ ತಟ್ಟಿದರೆ ಅದು ಕೇಳಿದ್ದನ್ನ ಸರಿಯಾಗೇ ಎಣಿಸಿದೆ. “ಸರಿ, ಈಗ ನಿಧಾನಕ್ಕೆ ಕು-ದು-ರೆ ಅನ್ನು” ಅಂತ ಎರಡೂ ಹೇಳಿಸಿ. ‘ಹೋಗ್ತೀನಿ’ಗೆ ಮೂರು, ‘ಹೋಗುತ್ತೇನೆ’ಗೆ ನಾಲ್ಕು. ಆಡುಮಾತಿಗೂ ಬರವಣಿಗೆಗೂ ನಡುವಿನ ಈ ಅಂತರ ದಾಟೋಕೇ ಮಕ್ಕಳಿಗೆ ನಮ್ಮ ಸಹಾಯ ಬೇಕು.

ಅವಸರ ಬೇಡ, ಅಸಡ್ಡೆಯೂ ಬೇಡ

ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಗುಣಿತಾಕ್ಷರ, ಒತ್ತಕ್ಷರ ಎಲ್ಲಾ ಕೈವಶವಾಗೋಕೆ ಒಂದೆರಡು ವರ್ಷ ಸಾಲದು ಅಂತ ಅದು ತೋರಿಸಿತು. ಇತ್ತ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿ, 2026-27ರೊಳಗೆ ಮೂರನೇ ತರಗತಿ ಮುಗಿಸೋ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅನ್ನೋದು. ಶಾಲೆಯೊಂದರಿಂದಲೇ ಇದು ಆಗೋದು ಕಷ್ಟ.

ಇನ್ನೊಂದು ಮಾತು. ಕರೆದರೆ ತಿರುಗದ, ಟಿವಿ ಸೌಂಡ್ ಜಾಸ್ತಿ ಇಡೋ, ಕಿವಿ ಸೋರೋ ಮಗುವನ್ನ ‘ದಡ್ಡ’ ಅನ್ನಬೇಡಿ. ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಅಂಗನವಾಡಿ, ಶಾಲೆಗಳಿಗೆ ಆರ್‌ಬಿಎಸ್‌ಕೆ ಆರೋಗ್ಯ ತಂಡ ತಪಾಸಣೆಗೆ ಬಂದಾಗಲೂ ಹೇಳಬಹುದು. ಕಿವಿಗೆ ಸರಿಯಾಗಿ ಕೇಳದಿದ್ದರೆ ಚಪ್ಪಾಳೆ ಲೆಕ್ಕವೂ ಕಷ್ಟ, ಓದೂ ಕಷ್ಟ.